ಓದುಗರ ಪ್ರಶ್ನೆ: ಶಾಲೆಯಲ್ಲಿ ಮೇಷ್ಟ್ರು, ಚರ್ಚಿನಲ್ಲಿ ಸ್ವಾಮಿಗಳು

ಪಾಠ ಹೇಳುತ್ತ, ಪೂಜೆ ಅರ್ಪಿಸುತ್ತ ಇಡೀ ಆಯುಷ್ಯ ಕಳೆಯುವ ಕಥೋಲಿಕ ಗುರುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಉತ್ತರಗಳಲ್ಲಿ ‘ಸಂಹಿತೆ’ ಎಂದಿರುವಲ್ಲೆಲ್ಲ 1983ರ ಧರ್ಮಸಭೆಯ ಕಾನೂನು ಸಂಹಿತೆ ಎಂದು ತಿಳಿಯಿರಿ. ಅದು ಲ್ಯಾಟಿನ್ ವಿಧಿಯವರಿಗೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ ಮಲಬಾರ್ ಧರ್ಮಪ್ರಾಂತ್ಯಗಳಿಗೆ (ಧರ್ಮಪ್ರಾಂತ್ಯವೆಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ) 1990ರ ಪೌರಸ್ತ್ಯ ಸಭೆಗಳ ಸಂಹಿತೆ ಬೇರೆಯೇ ಇದೆ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಫಾದರ್ ಆಗುತ್ತೇನೆ, ಹೈಸ್ಕೂಲಿನಲ್ಲಿ ಪಾಠವನ್ನೂ ಮಾಡುತ್ತೇನೆ ಎನ್ನುತ್ತಾನೆ. ಎಷ್ಟು ವರ್ಷ ಹಿಡಿಯುತ್ತದೆ? ನಡುವೆ ಬೇಡವೆನಿಸಿದರೆ ಹಿಂದೆ ಬರಬಹುದೇ?
— ಓದುಗರು, ಕೊಳ್ಳೇಗಾಲ

ಉತ್ತರ: ಪಿಯುಸಿ ನಂತರ ಹತ್ತರಿಂದ ಹನ್ನೆರಡು ವರ್ಷ ಎಂದು ಲೆಕ್ಕ ಇಟ್ಟುಕೊಳ್ಳಿ. ಸಂಹಿತೆ ಕೇಳುವುದು ಕನಿಷ್ಠ ಆರು ಪೂರ್ಣ ವರ್ಷದ ಓದು: ಎರಡು ವರ್ಷಕ್ಕೆ ಸಮನಾದ ತತ್ವಶಾಸ್ತ್ರ, ನಾಲ್ಕು ವರ್ಷಕ್ಕೆ ಸಮನಾದ ದೈವಶಾಸ್ತ್ರ. ಇದರ ಹಿಂದೆ ಮುಂದೆ ಕಿರಿಯ ಗುರುಮಠದ (ಸೆಮಿನರಿ) ತಯಾರಿ, ಒಂದು ಪದವಿ, ನಡುವೆ ಒಂದೆರಡು ವರ್ಷ ಯಾವುದಾದರೂ ಶಾಲೆ ಅಥವಾ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಕೆಲಸ ಮಾಡಿ ನೋಡುವ ‘ರೀಜೆನ್ಸಿ’ ಸೇರಿದಾಗ ಹತ್ತು ದಾಟುತ್ತದೆ. ಗುರುದೀಕ್ಷೆಗೆ ಮುಂಚಿನ ಮೆಟ್ಟಿಲಾದ ಡೀಕನ್ ದೀಕ್ಷೆಗೆ 23 ವರ್ಷ, ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು. ಇವೆರಡರ ನಡುವೆ ಕನಿಷ್ಠ ಆರು ತಿಂಗಳ ಅಂತರ.

ಮೊದಲ ಹೆಜ್ಜೆ ನಿಮ್ಮ ಧರ್ಮಕೇಂದ್ರದ ಹೊಣೆ ಹೊತ್ತ ವಿಚಾರಣಾ ಗುರುಗಳಲ್ಲಿ. ಅವರ ಪತ್ರವಿಲ್ಲದೆ ಯಾವ ಗುರುಮಠವೂ ಬಾಗಿಲು ತೆರೆಯುವುದಿಲ್ಲ. ಜ್ಞಾನಸ್ನಾನ ಮತ್ತು ದೃಢೀಕರಣದ ಪ್ರಮಾಣಪತ್ರ, ಅಂಕಪಟ್ಟಿಗಳು, ವೈದ್ಯಕೀಯ ಪ್ರಮಾಣಪತ್ರ ತಯಾರಿರಲಿ.

ಮಗನಿಗೆ ಪಾಠ ಮಾಡುವ ಆಸೆಯಿದ್ದರೆ ಪದವಿಯ ವಿಷಯವನ್ನು ಈಗಲೇ ಯೋಚಿಸಬೇಕು. ಇಲ್ಲಿ ಎಡವುವವರೇ ಹೆಚ್ಚು. ತತ್ವಶಾಸ್ತ್ರದ ಪದವಿಯೊಂದೇ ಕೈಯಲ್ಲಿದ್ದರೆ ಹೈಸ್ಕೂಲಿನ ವಿಷಯ ಶಿಕ್ಷಕರ ಹುದ್ದೆಗೆ ಅದು ಒದಗದು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸದಂಥ ಶಾಲಾ ವಿಷಯಗಳಲ್ಲಿ ಪದವಿ ಇರಬೇಕು, ಆ ಮೇಲೆ ಎರಡು ವರ್ಷದ ಬಿ.ಎಡ್. ಗುರುಗಳ ನಿಲುವಂಗಿಗೆ ಶಿಕ್ಷಣ ಇಲಾಖೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ಕೆಲವರು ಗುರುದೀಕ್ಷೆಗೆ ಮೊದಲು ಪದವಿ ಮುಗಿಸಿ, ಬಿ.ಎಡ್. ಅನ್ನು ದೀಕ್ಷೆಯಾದ ಮೇಲೆ ಬಿಷಪರ ಅಪ್ಪಣೆಯಿಂದ ಮಾಡುತ್ತಾರೆ. ಕನ್ನಡ ಮಾಧ್ಯಮದ ಹುಡುಗರಿಗೆ ಇನ್ನೊಂದು ಕಷ್ಟ: ತತ್ವಶಾಸ್ತ್ರ, ದೈವಶಾಸ್ತ್ರದ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಮೊದಲ ವರ್ಷ ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ, ಭಾಷೆ ಸಾಲದೆ. ಪಿಯುಸಿ ರಜೆಯಲ್ಲೇ ಇಂಗ್ಲಿಷ್ ಓದುವ ರೂಢಿ ಹಚ್ಚಿ.

ಹಿಂದೆ ಬರುವ ಮಾತು. ಡೀಕನ್ ದೀಕ್ಷೆಯ ತನಕ ಧರ್ಮಪ್ರಾಂತ್ಯದ ಗುರು ಅಭ್ಯರ್ಥಿಗೆ ಯಾವ ಕಟ್ಟೂ ಇಲ್ಲ, ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬರಬಹುದು. ಡೀಕನ್ ಆಗುವಾಗ ಬ್ರಹ್ಮಚರ್ಯವನ್ನು ಒಪ್ಪಿಕೊಳ್ಳುತ್ತಾನೆ. ಅಲ್ಲಿಂದಾಚೆ ಅದರಿಂದ ಬಿಡುಗಡೆ ಕೊಡಬಲ್ಲವರು ಪೋಪ್ ಮಾತ್ರ. ಅದಕ್ಕೇ ದೀಕ್ಷೆಗೆ ಮುನ್ನ ಕನಿಷ್ಠ ಐದು ದಿನದ ಧ್ಯಾನಕೂಟವಿದೆ, ‘ನನ್ನಿಚ್ಛೆಯಿಂದಲೇ ಬರುತ್ತಿದ್ದೇನೆ’ ಎಂದು ಸ್ವಂತ ಕೈಬರಹದಲ್ಲಿ ಬರೆದು ಸಹಿ ಹಾಕಿಕೊಡಬೇಕು ಎಂಬ ನಿಯಮವಿದೆ. ತಂದೆತಾಯಿಗೆ ನಮ್ಮದೊಂದು ಕಿವಿಮಾತು: ಹುಡುಗ ಗುರುಮಠ ಸೇರಿದ ದಿನವೇ ಊರಿಗೆಲ್ಲ ಊಟ ಹಾಕಬೇಡಿ. ಎರಡನೇ ವರ್ಷ ‘ಇದು ನನ್ನದಲ್ಲ’ ಅನ್ನಿಸಿದ ಹುಡುಗ ಆ ಊಟ ನೆನೆದೇ ಬಾಯಿ ಬಿಡದೆ ಉಳಿದುಬಿಡುತ್ತಾನೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಯೇಸುಸಭೆಯವರು (ಜೆಸುಯಿಟ್), ಅನುದಾನಿತ ಕಾಲೇಜಿನಲ್ಲಿದ್ದರು. ಚಿಕ್ಕಮ್ಮನ ಮಗ ಧರ್ಮಪ್ರಾಂತ್ಯದ ಗುರು, ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಒಬ್ಬರ ಸಂಬಳ ಅವರದಲ್ಲ, ಇನ್ನೊಬ್ಬರದು ಅವರದೇ ಎನ್ನುತ್ತಾರೆ. ತೆರಿಗೆ ಯಾರು ಕಟ್ಟುವುದು?
— ಓದುಗರು, ಮಂಗಳೂರು

ಉತ್ತರ: ಇಬ್ಬರ ಮೈಮೇಲೂ ಅದೇ ಬಿಳಿ ನಿಲುವಂಗಿ, ಆದರೆ ಕಟ್ಟುಪಾಡು ಬೇರೆ. ಯೇಸುಸಭೆ, ಕಪುಚಿನ್, ಸಲೇಸಿಯನ್ ಮುಂತಾದ ಸಭೆಗಳ ಗುರುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರು. ಸಂಹಿತೆಯ 668ನೇ ನಿಯಮದ ಪ್ರಕಾರ ದುಡಿಮೆಯಿಂದ ಬಂದದ್ದು, ಪಿಂಚಣಿ ಸಹಿತ, ಸಭೆಗೆ ಸೇರುತ್ತದೆ. ಧರ್ಮಪ್ರಾಂತ್ಯದ ಗುರು ಬಿಷಪರಿಗೆ ವಿಧೇಯತೆಯ ಮಾತು ಕೊಟ್ಟಿರುತ್ತಾರೆ, ಬ್ರಹ್ಮಚರ್ಯ ಇರುತ್ತದೆ, ಬಡತನದ ವ್ರತ ಇರುವುದಿಲ್ಲ. ಸರಳವಾಗಿ ಬದುಕಬೇಕೆಂದು 282ನೇ ನಿಯಮ ಹೇಳುತ್ತದೆ, ಆಸ್ತಿ ಇರಕೂಡದೆಂದು ಹೇಳುವುದಿಲ್ಲ. ಸಂಬಳದಲ್ಲಿ ಎಷ್ಟು ಪಾಲು ಧರ್ಮಪ್ರಾಂತ್ಯದ ನಿಧಿಗೆ ಹೋಗಬೇಕು ಎನ್ನುವುದು ಆಯಾ ಧರ್ಮಪ್ರಾಂತ್ಯದ ಕಟ್ಟಳೆ.

ತೆರಿಗೆಯ ವಿಷಯ ಈಗ ಇತ್ಯರ್ಥವಾಗಿದೆ. ಹಿಂದೆ 1944ರ ಒಂದು ಸುತ್ತೋಲೆಯ ಆಧಾರದಲ್ಲಿ, ಸಭೆಗೆ ಒಪ್ಪಿಸುವ ಸಂಬಳಕ್ಕೆ ಮೂಲದಲ್ಲೇ ತೆರಿಗೆ ಹಿಡಿಯಬಾರದೆಂಬ ವಾದವಿತ್ತು. ವ್ರತ ತೊಟ್ಟವರು ನಾಗರಿಕವಾಗಿ ‘ಸತ್ತಂತೆ’, ಆದ್ದರಿಂದ ಆದಾಯ ಅವರದಲ್ಲ ಎಂಬ ಮಾತೂ ಬಂತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಅನುದಾನಿತ ಶಾಲೆಯಲ್ಲಿ ದುಡಿಯುವ ಫಾದರ್, ಸಿಸ್ಟರ್ ಯಾರೇ ಆಗಲಿ, ಸರ್ಕಾರ ಕೊಡುವ ಸಂಬಳ ಅವರ ಹೆಸರಿಗೆ ಬರುವ ಸಂಬಳವೇ, ಆಮೇಲೆ ಯಾರಿಗೆ ಕೊಟ್ಟರೂ ಟಿಡಿಎಸ್ ತಪ್ಪದು. ಹಾಗಾಗಿ ಪ್ಯಾನ್ ಅವರ ಹೆಸರಲ್ಲಿರಬೇಕು, ಪ್ರತಿವರ್ಷ ಫಾರಂ 16 ಪಡೆದು ರಿಟರ್ನ್ ಸಲ್ಲಿಸಬೇಕು. ಸಭೆಗೆ ಕೊಟ್ಟದ್ದನ್ನು ದಾನವೆಂದು ತೋರಿಸಿ ರಿಯಾಯಿತಿ ಕೇಳುವುದಾದರೆ ಹಳೆಯ ತೆರಿಗೆ ಪದ್ಧತಿಯನ್ನೇ ಆರಿಸಿಕೊಂಡಿರಬೇಕು, ಸಂಸ್ಥೆಗೆ ಅದಕ್ಕೆ ಬೇಕಾದ ನೋಂದಣಿ, ರಸೀದಿ ಇರಬೇಕು.

ಚಿಕ್ಕಮ್ಮನ ಮಗ ಉಯಿಲು ಬರೆದಿದ್ದಾರೆಯೇ ಕೇಳಿ. ವ್ರತ ತೊಟ್ಟವರು ಶಾಶ್ವತ ವ್ರತಕ್ಕೆ ಮೊದಲೇ ನಾಗರಿಕ ಕಾನೂನಿಗೂ ಸಲ್ಲುವ ಉಯಿಲು ಬರೆಯಬೇಕೆಂದು ಸಂಹಿತೆಯೇ ಹೇಳುತ್ತದೆ. ಧರ್ಮಪ್ರಾಂತ್ಯದವರಿಗೆ ಹಾಗೆ ಕಟ್ಟುನಿಟ್ಟಿಲ್ಲ, ಗೋಜಲು ಆಗುವುದೂ ಅಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸ್ವಂತದ್ದು ಒಂದು ಖಾತೆ, ಧರ್ಮಕೇಂದ್ರದ್ದು ಇನ್ನೊಂದು, ಶಾಲೆಯದು ಮತ್ತೊಂದು. ಮೂರೂ ಯಾವತ್ತೂ ಬೆರೆಯದಂತೆ ನೋಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪ್ರಶ್ನೆ: ನಮ್ಮೂರಿನ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ, ಆಮೇಲೆ ಹಲವು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ಗುರುಗಳ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಹೊಣೆ ಹಳೆ ವಿದ್ಯಾರ್ಥಿಗಳಾದ ನಮ್ಮ ಮೇಲೆ ಬಿದ್ದಿದೆ. ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತಾರೆ. ಎಲ್ಲಿಂದ ಶುರು ಮಾಡುವುದು?
— ಹಳೆ ವಿದ್ಯಾರ್ಥಿ ಸಂಘ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಯಾವುದರ ಸುವರ್ಣ ಎಂದು ಖಚಿತಪಡಿಸಿಕೊಳ್ಳಿ. ಸಭೆಗೆ ಸೇರಿದ ಗುರುಗಳಿಗೆ ಎರಡು ಮಹೋತ್ಸವ: ಮೊದಲ ವ್ರತದ ದಿನದಿಂದ ಎಣಿಸುವುದೊಂದು, ಗುರುದೀಕ್ಷೆಯಿಂದ ಎಣಿಸುವುದೊಂದು. 1966ರಲ್ಲಿ ವ್ರತ, 1976ರಲ್ಲಿ ದೀಕ್ಷೆ ಆಗಿದ್ದವರಿಗೆ ಮೊದಲನೆಯದು 2016ರಲ್ಲೇ ಮುಗಿದಿರುತ್ತದೆ. ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಇದು ಗೊತ್ತಾಗುವುದು ಬೇಡ. ಧರ್ಮಪ್ರಾಂತ್ಯದ ಗುರುಗಳಿಗೆ ದೀಕ್ಷೆಯೊಂದೇ ಲೆಕ್ಕ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ವರ್ಷಕ್ಕೊಂದು ಸಾಲು ಹಾಕಿ. ಸ್ಥಳ, ಹುದ್ದೆ, ನೇಮಕದ ದಿನ, ಅಧಿಕಾರ ವಹಿಸಿಕೊಂಡ ದಿನ, ಬಿಟ್ಟ ದಿನ, ಯಾವ ದಾಖಲೆಯಿಂದ ಸಿಕ್ಕಿತು: ಇಷ್ಟು ಕಂಬಸಾಲು. ನೇಮಕದ ದಿನಕ್ಕೂ ವಹಿಸಿಕೊಂಡ ದಿನಕ್ಕೂ ವಾರಗಳ ಅಂತರ ಇರುವುದುಂಟು, ವರ್ಗಾವಣೆ ಪತ್ರ ಮೇ ತಿಂಗಳಲ್ಲಿ, ಸ್ವೀಕಾರ ಜೂನಿನಲ್ಲಿ. ‘ಎರಡು ಕಡೆ ಒಂದೇ ದಿನ ಇದ್ದರು’ ಎಂಬ ಪವಾಡ ಹುಟ್ಟುವುದು ಇದರಿಂದಲೇ.

ಶಾಲೆಯ ಕಾಲಕ್ಕೆ ಸೇವಾ ಪುಸ್ತಕದಷ್ಟು ನಂಬಬಹುದಾದ ದಾಖಲೆ ಇನ್ನೊಂದಿಲ್ಲ. ಸೇರಿದ ದಿನ, ಬಡ್ತಿ, ವರ್ಗ, ನಿವೃತ್ತಿ ಎಲ್ಲ ಸಹಿಯೊಡನೆ ಇರುತ್ತದೆ. ಅದನ್ನು ಅವರ ಒಪ್ಪಿಗೆಯಿಂದಲೇ ನೋಡಬೇಕು. ಶಿಕ್ಷಕರ ಹಾಜರಿ ಪುಸ್ತಕ, ಶಾಲಾ ವಾರ್ಷಿಕ ವರದಿಗಳು ಎರಡನೇ ಸಾಲಿನವು. ಧರ್ಮಕೇಂದ್ರದ ಕಾಲಕ್ಕೆ ಬಿಷಪರ ಕಚೇರಿಯ ನೇಮಕ ಪತ್ರಗಳಿವೆ. ಅವು ಸಿಗದಿದ್ದರೆ ಜ್ಞಾನಸ್ನಾನದ ದಾಖಲೆ ಪುಸ್ತಕ ಕೈಹಿಡಿಯುತ್ತದೆ. ಪ್ರತಿಯೊಂದು ನಮೂದಿನಲ್ಲೂ ಸಂಸ್ಕಾರ ನೀಡಿದವರ ಹೆಸರು ಇರಲೇಬೇಕು (877ನೇ ನಿಯಮ). ಅವರ ಹೆಸರು ಮೊದಲು ಕಾಣುವ ಪುಟದಿಂದ ಕೊನೆಗೆ ಕಾಣುವ ಪುಟದ ತನಕ ಅವರ ಕಾಲ ಹೆಚ್ಚುಕಡಿಮೆ ಹೊರಬೀಳುತ್ತದೆ. ಮದುವೆ, ಮರಣದ ಪುಸ್ತಕಗಳಲ್ಲೂ ಇದೇ ಉಪಾಯ. ಆದರೆ ನೀವೇ ಕೂತು ಪುಟ ತಿರುವಲು ಕೇಳಬೇಡಿ: ಅವುಗಳಲ್ಲಿ ದತ್ತು, ತಂದೆತಾಯಿಯ ವಿವರ, ವಿವಾಹ ರದ್ದತಿಯಂಥ ಖಾಸಗಿ ಟಿಪ್ಪಣಿಗಳಿರುತ್ತವೆ. ಎರಡು ದಿನಾಂಕ ನೋಡಿ ಹೇಳುವಂತೆ ಈಗಿನ ಗುರುಗಳನ್ನೇ ಕೋರಿ. ಅತಿಥಿಯಾಗಿ ಬಂದು ನೆಂಟರ ಮಗುವಿಗೆ ಜ್ಞಾನಸ್ನಾನ ಕೊಟ್ಟದ್ದನ್ನು ಸೇವಾವಧಿ ಎಂದು ಎಣಿಸದಿರಲು ಒಂದೇ ಹೆಸರು ಸತತವಾಗಿ ಬರುತ್ತಿದೆಯೇ ಎಂದೂ ಕೇಳಿ.

ಧರ್ಮಪ್ರಾಂತ್ಯಗಳ ಗಡಿ ಬದಲಾದದ್ದು ನಿಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1963ರಲ್ಲಿ, ಶಿವಮೊಗ್ಗ ರಚನೆಯಾದದ್ದು 1988ರಲ್ಲಿ. ಉಡುಪಿ ಮಂಗಳೂರಿನಿಂದ ಒಡೆದದ್ದು 2012ರಲ್ಲಿ. 1978ರಲ್ಲಿ ‘ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ಸೇವೆ’ ಎಂದು ಬರೆದರೆ ತಪ್ಪು. ಹಳೆಯ ನೇಮಕ ಪತ್ರಗಳನ್ನೂ ಎಲ್ಲಿ ಹುಡುಕಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ಹೆಸರು. ನಮ್ಮ ಕ್ರೈಸ್ತರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಗುರುಗಳು ಒಂದೇ ಧರ್ಮಪ್ರಾಂತ್ಯದಲ್ಲಿ ಇಬ್ಬರು ಮೂವರು ಇರುವುದು ಸಾಮಾನ್ಯ. ಹುಟ್ಟೂರಿನ ಧರ್ಮಕೇಂದ್ರವನ್ನು ಜೊತೆಗಿಟ್ಟುಕೊಂಡೇ ಹುಡುಕಿ.

ಕಟ್ಟಡಗಳ ಬಗ್ಗೆ ಎಚ್ಚರ. ಅಡಿಗಲ್ಲು ಒಬ್ಬರ ಕಾಲಕ್ಕೆ, ಛಾವಣಿ ಇನ್ನೊಬ್ಬರ ಕಾಲಕ್ಕೆ, ಆಶೀರ್ವಚನ ಮೂರನೆಯವರ ಕಾಲಕ್ಕೆ ಆಗಿರುತ್ತದೆ. ‘ಕಟ್ಟಿಸಿದರು’ ಎನ್ನುವ ಬದಲು ‘ಅವರ ಅವಧಿಯಲ್ಲಿ ಪೂರ್ಣಗೊಂಡಿತು’ ಎಂದು ಬರೆದರೆ ಹಿಂದಿನವರಿಗೆ ಅನ್ಯಾಯವಾಗದು. ಶಾಲೆ ಆರಂಭದ ದಿನ, ಇಲಾಖೆಯ ಮಾನ್ಯತೆಯ ದಿನ, ಅನುದಾನ ಸಿಕ್ಕ ದಿನ ಮೂರೂ ಬೇರೆ. ಮೂರನ್ನೂ ಆದೇಶದ ಪ್ರತಿ ನೋಡಿ ಹಾಕಿ.

ಲೇಖನ ಕೇಳುವಾಗ ‘ಗುರುಗಳ ಬಗ್ಗೆ ಒಂದು ಪುಟ ಬರೆದುಕೊಡಿ’ ಎಂದರೆ ಇಪ್ಪತ್ತು ಜನರೂ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದೇ ಬರೆಯುತ್ತಾರೆ. ಪ್ರಶ್ನೆ ಕೊಟ್ಟು ಕೇಳಿ: ಯಾವ ತರಗತಿ, ಯಾವ ವಿಷಯ, ಕಪ್ಪು ಹಲಗೆಯ ಮೇಲೆ ಹೇಗೆ ಬರೆಯುತ್ತಿದ್ದರು, ಮನೆಪಾಠ ಮಾಡದವನಿಗೆ ಏನು ಹೇಳುತ್ತಿದ್ದರು. ಸಹಾಯ ಪಡೆದ ಕುಟುಂಬಗಳ ಹೆಸರು, ರೋಗಿಯ ಹಾಸಿಗೆಯ ಫೋಟೋ ಬೇಡ. ಶೀರ್ಷಿಕೆಯಲ್ಲಿ ಗುರುಗಳಿಗೆ ‘ವಂದನೀಯ’ ಸಾಕು. ಮಾತಿನಲ್ಲಿ ಹಳೆ ಮೈಸೂರಿನವರು ‘ಸ್ವಾಮಿಯವರು’ ಎಂದಾರು, ಕರಾವಳಿಯ ಕೊಂಕಣಿ ಮನೆಗಳಲ್ಲಿ ‘ಪಾದ್ರ್ಯಾಬ್’ ಎಂದಾರು. ಲೇಖಕರು ಹೇಗೆ ಕರೆಯುತ್ತಾರೋ ಹಾಗೇ ಬಿಡಿ, ತಿದ್ದಬೇಡಿ.

ಪ್ರಶ್ನೆ: ವಸತಿ ಶಾಲೆಯ ಪ್ರಿನ್ಸಿಪಾಲರೂ ಫಾದರೇ. ಮಕ್ಕಳು ಪಾಪನಿವೇದನೆಯಲ್ಲಿ ಹೇಳಿದ್ದು ಅವರಿಗೆ ಗೊತ್ತಾದರೆ ಶಿಕ್ಷೆ ಕೊಡುವುದಿಲ್ಲವೇ?
— ಓದುಗರು, ಹಾಸನ

ಉತ್ತರ: ಸಂಹಿತೆ ಈ ಅಡಕತ್ತರಿಯನ್ನು ಮೊದಲೇ ಕಂಡಿದೆ. 985ನೇ ನಿಯಮ: ಗುರುಮಠದ ಅಥವಾ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ಅದೇ ಮನೆಯಲ್ಲಿ ವಾಸಿಸುವ ತಮ್ಮ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಕೂಡದು, ವಿದ್ಯಾರ್ಥಿಯೇ ನಿರ್ದಿಷ್ಟ ಸಂದರ್ಭದಲ್ಲಿ ತಾನಾಗಿ ಬಯಸಿ ಕೇಳಿಕೊಂಡ ಹೊರತು. 984ನೇ ನಿಯಮ ಇನ್ನೂ ಬಿಗಿ: ಪಾಪನಿವೇದನೆಯಲ್ಲಿ ತಿಳಿದದ್ದನ್ನು ಆಡಳಿತದಲ್ಲಿ ಯಾವ ರೀತಿಯಲ್ಲೂ ಬಳಸುವಂತಿಲ್ಲ. ಕದ್ದವನ ಪೆಟ್ಟಿಗೆ ತಪಾಸಣೆ ಮಾಡಿಸುವುದಿರಲಿ, ಅವನ ಕಡೆ ಬೇರೆ ಕಣ್ಣಿನಿಂದ ನೋಡುವಂತೆಯೂ ಇಲ್ಲ. ಗುಟ್ಟನ್ನು ನೇರವಾಗಿ ಬಯಲು ಮಾಡಿದ ಗುರು ಆ ಕ್ಷಣವೇ ಬಹಿಷ್ಕಾರಕ್ಕೆ ಗುರಿಯಾಗುತ್ತಾನೆ, ತೆಗೆಯುವ ಅಧಿಕಾರ ರೋಮ್‌ಗೆ ಮಾತ್ರ. ಹಾಗಾಗಿ ವಸತಿ ಶಾಲೆ ಮಾಡಬೇಕಾದ್ದು ಒಂದೇ: ಹೊರಗಿನ ಧರ್ಮಕೇಂದ್ರದಿಂದ ಗುರುಗಳನ್ನು ಕ್ರಮವಾಗಿ ಕರೆಸುವುದು.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಬೆರೆಸಬಾರದು. ಕಚೇರಿಯಲ್ಲಿ, ಆಪ್ತಸಮಾಲೋಚನೆಯಲ್ಲಿ, ವರಾಂಡದಲ್ಲಿ ಮಗು ಹೇಳಿದ ಮಾತಿಗೆ ಪಾಪನಿವೇದನೆಯ ಮುದ್ರೆ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಸಂಶಯ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೇ ಕಲಮಿನಡಿ ಅಪರಾಧ. ಆರೋಪ ಸಂಸ್ಥೆಯ ಸಿಬ್ಬಂದಿಯ ಮೇಲೆಯೇ ಆಗಿದ್ದರೆ ಮುಖ್ಯಸ್ಥರಿಗೆ ಶಿಕ್ಷೆ ಹೆಚ್ಚು. ಆರೋಪಿ ಗುರುವೇ ಆದಾಗ ಧರ್ಮಸಭೆಯೊಳಗೂ ದೂರು ಕೊಡಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ನಿಯಮ ಮಾಡಿ 2023ರಲ್ಲಿ ಕಾಯಂಗೊಳಿಸಿದರು. ಒಳಗಿನ ದೂರು ಹೊರಗಿನ ದೂರಿಗೆ ಬದಲಿಯಲ್ಲ. ‘ಮೊದಲು ನಾವೇ ವಿಚಾರಿಸಿ ನೋಡೋಣ’ ಎಂದು ದಿನ ತಳ್ಳುವುದು ಕಾನೂನಿನ ಕಣ್ಣಲ್ಲೂ ತಪ್ಪು, ಮಗುವಿನ ಕಣ್ಣಲ್ಲೂ ತಪ್ಪು. ಮಕ್ಕಳ ಸಹಾಯವಾಣಿ 1098ರ ಫಲಕ ಹಾಸ್ಟೆಲ್ ಗೋಡೆಯ ಮೇಲೆ, ಮಗುವಿನ ಎತ್ತರದಲ್ಲಿ ಇರಲಿ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಮಗಳ ಶಾಲೆಯಲ್ಲಿ ಫಾದರ್ ತೆಗೆದುಕೊಳ್ಳುವ ತರಗತಿಗೆ ಕೂರಲೇಬೇಕೇ?
— ಓದುಗರು, ತುಮಕೂರು

ಉತ್ತರ: ಯಾವ ತರಗತಿ ಎನ್ನುವುದರ ಮೇಲೆ. ಕಥೋಲಿಕ ಮಕ್ಕಳಿಗೆ ನಡೆಸುವ ಧರ್ಮೋಪದೇಶವಾದರೆ ಬೇಡ. ಸಂವಿಧಾನದ 28(3)ನೇ ವಿಧಿಯಂತೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆ ನಡೆಸುವ 30ನೇ ವಿಧಿಯ ಹಕ್ಕು ಇದನ್ನು ಅಳಿಸುವುದಿಲ್ಲ. ಅದೇ ಹೊತ್ತಿಗೆ ಉಳಿದ ಮಕ್ಕಳಿಗೆ ಮೌಲ್ಯಶಿಕ್ಷಣ ಇಡುವುದು ರೂಢಿ, ಅದು ಎಲ್ಲರಿಗೂ. ಸಂಶಯವಿದ್ದರೆ ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡಿನ ಹೆಸರೇನು, ಪುಸ್ತಕ ಯಾವುದು ಎಂದು ಕೇಳಿ ನೋಡಿ.

ಪ್ರಶ್ನೆ: ಭಾನುವಾರ ಬಿಟ್ಟರೆ ಫಾದರ್‌ಗಳಿಗೆ ಕೆಲಸವೇನು? ಒಂದೇ ಪೂಜೆಯಲ್ಲಿ ಆರೇಳು ಮನೆಯ ಹೆಸರು ಓದುವುದು ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಮೊದಲ ಪ್ರಶ್ನೆಯಲ್ಲಿ ಕೊಂಚ ಕೊಂಕು ಇದೆ, ಇರಲಿ. ಬೆಳಗಿನ ಬಲಿಪೂಜೆ, ದಿನಕ್ಕೆ ಐದು ಹೊತ್ತಿನ ಪ್ರಾರ್ಥನಾ ವಿಧಿ, ರೋಗಿಗಳ ಭೇಟಿ, ಮದುವೆಗೆ ಮುಂಚಿನ ವಿಚಾರಣೆ, ಅಂತ್ಯಕ್ರಿಯೆ, ಧರ್ಮೋಪದೇಶ ಶಿಕ್ಷಕರ ತಯಾರಿ, ಲೆಕ್ಕಪತ್ರ. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಕಡ್ಡಾಯ (537), ಅದರ ಸಭೆ ಕೂಡ ಅವರ ಹೆಗಲಿಗೇ. ಹೈಸ್ಕೂಲಿನ ಹೊಣೆಯೂ ಇದ್ದರೆ ಹತ್ತು ಗಂಟೆಗೆ ಗಂಟೆ ಬಾರಿಸುವ ಮುನ್ನ ಇದರಲ್ಲಿ ಅರ್ಧ ಮುಗಿದಿರಬೇಕು. ಮೊದಲು ಕೈಬಿಡುವುದು ಮನೆ ಭೇಟಿ. ಶಾಲೆಯ ಇನ್ಸ್‌ಪೆಕ್ಷನ್ ತಪ್ಪಿಸಿದರೆ ನೋಟಿಸ್ ಬರುತ್ತದೆ, ಹಾಸಿಗೆ ಹಿಡಿದ ಅಜ್ಜಿಯನ್ನು ಕಾಣದಿದ್ದರೆ ಯಾರೂ ನೋಟಿಸ್ ಕಳಿಸುವುದಿಲ್ಲ. ಎರಡೂ ಹೊಣೆ ಇರುವಲ್ಲಿ ಸಹಾಯಕ ಗುರು ಒಬ್ಬರು ಬೇಕೇ ಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಪೂಜೆಯ ಲೆಕ್ಕ ಹೀಗೆ. ಸಾಮಾನ್ಯವಾಗಿ ದಿನಕ್ಕೆ ಒಂದು. ಗುರುಗಳ ಕೊರತೆಯಿದ್ದರೆ ಬಿಷಪರ ಅನುಮತಿಯಿಂದ ಎರಡು, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಅಗತ್ಯ ಬಿದ್ದರೆ ಮೂರು (905). ಕಾಣಿಕೆ ಸ್ವೀಕರಿಸಿದ ಪ್ರತಿ ಕೋರಿಕೆಗೂ ಪ್ರತ್ಯೇಕ ಪೂಜೆ ಸಲ್ಲಬೇಕು (948). ಕ್ರಿಸ್ಮಸ್ ಬಿಟ್ಟರೆ ದಿನಕ್ಕೆ ಒಂದು ಪೂಜೆಯ ಕಾಣಿಕೆಯನ್ನಷ್ಟೇ ಗುರು ತಾವಿಟ್ಟುಕೊಳ್ಳಬಹುದು, ಮಿಕ್ಕದ್ದು ಬಿಷಪರು ಗೊತ್ತುಮಾಡಿದ ಉದ್ದೇಶಕ್ಕೆ. ಹಲವು ಕೋರಿಕೆ ಕೂಡಿಸುವ ಪೂಜೆಗೆ ವ್ಯಾಟಿಕನ್ನಿನ 1991ರ ಆದೇಶ ಅವಕಾಶ ಕೊಟ್ಟಿದೆ, ಆದರೆ ಕೊಟ್ಟವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು, ದಿನ ಹೊತ್ತು ಪ್ರಕಟಿಸಿರಬೇಕು, ವಾರಕ್ಕೆ ಎರಡು ಸಲ ಮೀರಬಾರದು. ಸುಮ್ಮನೆ ಹೆಸರು ಓದಿ ಪ್ರಾರ್ಥಿಸುವುದಕ್ಕೆ ಯಾವ ಮಿತಿಯೂ ಇಲ್ಲ. ನಿಮ್ಮೂರಿನಲ್ಲಿ ನಡೆಯುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಕೇಳಿ ತಿಳಿಯಿರಿ. ಧರ್ಮಕೇಂದ್ರದಲ್ಲಿ ಕೋರಿಕೆಗಳ ಪುಸ್ತಕ ಇರಲೇಬೇಕು.

ಪ್ರಶ್ನೆ: ಮೇಷ್ಟ್ರಾಗಿದ್ದ ಫಾದರ್ ಪ್ರಬೋಧನೆ ನಲವತ್ತು ನಿಮಿಷ. ಹೇಳುವುದು ಹೇಗೆ?
— ಹೆಸರು ಬೇಡ

ಉತ್ತರ: ಪೀರಿಯಡ್ ಮುಗಿಸುವ ಅಭ್ಯಾಸ, ಗಂಟೆ ಹೊಡೆಯುವವರಿಲ್ಲ! ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಎಂಟು ನಿಮಿಷ ಮೀರಬಾರದು ಎಂದಿದ್ದರು. ಪಾಲನಾ ಸಮಿತಿಯ ಹಿರಿಯರೊಬ್ಬರು ಪೂಜೆಯಾದ ಕೂಡಲೇ ಅಲ್ಲ, ವಾರದ ನಡುವೆ ಒಬ್ಬರೇ ಹೋಗಿ ಹೇಳಲಿ. ಮಕ್ಕಳು, ವಯಸ್ಸಾದವರು ಎಷ್ಟು ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆ ಎಂಬುದನ್ನು ಹೇಳಿದರೆ ಮೇಷ್ಟ್ರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಅಪ್ಪನಿಗೆ ಹುಷಾರಿಲ್ಲ. ‘ಕೊನೆಯ ತೈಲ’ಕ್ಕೆ ಫಾದರನ್ನು ಈಗಲೇ ಕರೆದರೆ ಹೆದರುತ್ತಾರೆಂದು ಮನೆಯವರು ತಡೆಯುತ್ತಿದ್ದಾರೆ.
— ಓದುಗರು, ಕಾರವಾರ

ಉತ್ತರ: ‘ಕೊನೆಯ’ ಎಂಬ ಮಾತೇ ಈ ತೊಡಕಿಗೆ ಮೂಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಇದು ಅಸ್ವಸ್ಥರ ಅಭ್ಯಂಗ. ಕಾಯಿಲೆ ಅಥವಾ ಮುಪ್ಪಿನಿಂದ ಅಪಾಯ ಆರಂಭವಾದಾಗಲೇ ಕೊಡುವಂಥದು, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನವೂ. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಕಾದು ಕಾದು ಐಸಿಯುಗೆ ಕರೆದರೆ ಪಾಪನಿವೇದನೆಗೆ ಮಾತಿರುವುದಿಲ್ಲ, ಪರಮಪ್ರಸಾದ ನುಂಗಲು ಗಂಟಲಿರುವುದಿಲ್ಲ. ಮೂರೂ ಒಟ್ಟಿಗೆ ಸಿಗಬೇಕಾದರೆ ಈಗಲೇ ಕರೆಯಿರಿ.

ಫೋನಿನಲ್ಲಿ ಹೇಳಬೇಕಾದ್ದು: ರೋಗಿಯ ಹೆಸರು, ಪ್ರಜ್ಞೆ ಇದೆಯೇ, ನುಂಗಬಲ್ಲರೇ, ವಾರ್ಡ್ ಸಂಖ್ಯೆ, ಆಸ್ಪತ್ರೆಯ ಭೇಟಿ ಸಮಯ. ನುಂಗಲು ಕಷ್ಟವಿದ್ದರೆ ಚೂರೇ ಚೂರು ಪ್ರಸಾದ ನೀರಿನೊಂದಿಗೆ ಕೊಡುತ್ತಾರೆ, ನಳಿಗೆ ಹಾಕಿದ್ದರೆ ನರ್ಸ್ ಕೇಳದೆ ಬೇಡ. ಮನೆಯಲ್ಲಾದರೆ ಹಾಸಿಗೆಯ ಪಕ್ಕ ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಸಾಕು. ಆಮ್ಲಜನಕ ಹಾಕಿದ್ದರೆ ಮೇಣದಬತ್ತಿ ಹಚ್ಚಲೇಬೇಡಿ. ತೈಲ ಗುರುಗಳೇ ತರುತ್ತಾರೆ. ಪಾಪನಿವೇದನೆಯ ಹೊತ್ತಿಗೆ ಎಲ್ಲರೂ ಹೊರಗೆ ಬನ್ನಿ, ಆಮೇಲೆ ಒಳಗೆ ಬಂದು ಪ್ರಾರ್ಥನೆಗೆ ಸೇರಿ. ಈ ಅಭ್ಯಂಗ ಗುರು ಮತ್ತು ಬಿಷಪರಿಂದ ಮಾತ್ರ ಸಾಧ್ಯ, ಡೀಕನ್ ಅಥವಾ ಸಿಸ್ಟರ್ ಕೊಡುವಂತಿಲ್ಲ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಕೊಡಬೇಕೆಂದೇ ನಿಯಮ, ಹೋದದ್ದು ಖಚಿತವಾದರೆ ಕೊಡುವುದಿಲ್ಲ, ಪ್ರಾರ್ಥಿಸುತ್ತಾರೆ. ಆಗ ‘ತೈಲ ಹಚ್ಚಲಿಲ್ಲ’ ಎಂದು ಗುರುಗಳ ಮೇಲೆ ಸಿಟ್ಟಾಗಬೇಡಿ.

ಪ್ರಶ್ನೆ: ನಮ್ಮ ನಾಡಿನಲ್ಲಿ ಪಾಠ, ಪೂಜೆ ಎರಡನ್ನೂ ಒಟ್ಟಿಗೆ ನಡೆಸಿದ ಗುರುಗಳಿಗೆ ಒಂದು ಉದಾಹರಣೆ ಕೊಡಿ.
— ವಿದ್ಯಾರ್ಥಿ, ಮೈಸೂರು

ಉತ್ತರ: ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್. 1878ರ ಕೊನೆಗೆ ಬಂದ ಯೇಸುಸಭೆಯವರಲ್ಲಿ ಒಬ್ಬರು, ಜರ್ಮನ್. ಸಭೆ 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಗಣಿತ, ಫ್ರೆಂಚ್ ಕಲಿಸಿದರು. ಹೋಮಿಯೋಪಥಿ ಬಲ್ಲವರು, ವಿದ್ಯಾರ್ಥಿಗಳಿಗೆ ಔಷಧ ಕೊಡತೊಡಗಿದ್ದು ಕಂಕನಾಡಿಯ ಬಡವರ ಔಷಧಾಲಯವಾಗಿ, 1890ರಲ್ಲಿ ಕುಷ್ಠರೋಗಿಗಳ ಆಶ್ರಯವಾಗಿ ಬೆಳೆಯಿತು. 1910ರಲ್ಲಿ ತೀರಿಕೊಂಡರು. ಈಗಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ಬೇರು ಅದೇ.

ಪ್ರಶ್ನೆ: ಫಾದರ್‌ಗಳಿಗೆ ನಿವೃತ್ತಿ ಇದೆಯೇ? ನಮಗೆ ಕಲಿಸಿದವರು ಈಗ ವೃದ್ಧ ಗುರುಗಳ ನಿವಾಸದಲ್ಲಿದ್ದಾರೆ, ನೋಡಲು ಹೋಗಬಹುದೇ?
— ಹಳೆ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಹುದ್ದೆಗೆ ನಿವೃತ್ತಿ, ದೀಕ್ಷೆಗಲ್ಲ. ಅನುದಾನಿತ ಶಾಲೆಯಲ್ಲಿ ಎಲ್ಲರಂತೆ 60ಕ್ಕೆ. ಅಲ್ಲಿಂದ ಧರ್ಮಕೇಂದ್ರಕ್ಕೆ ಬಂದವರಿಗೆ ಮೊದಲ ವರ್ಷ ಕಷ್ಟ: ಅಲ್ಲಿ ಆದೇಶ ನಡೆಯುತ್ತಿತ್ತು, ಇಲ್ಲಿ ಒಪ್ಪಿಸಬೇಕು. 75 ತುಂಬಿದಾಗ ಬಿಷಪರಿಗೆ ರಾಜೀನಾಮೆ ಕೊಡುವಂತೆ 538ನೇ ನಿಯಮ ಕೋರುತ್ತದೆ, ಒಪ್ಪುವುದು ಅಥವಾ ಮುಂದೂಡುವುದು ಬಿಷಪರಿಗೆ ಬಿಟ್ಟದ್ದು. ನಿವೃತ್ತರ ಊಟ, ವಸತಿಯ ಹೊಣೆಯೂ ಅವರದೇ. ಆಮೇಲೂ ದಿನದ ಪೂಜೆ ಇರುತ್ತದೆ. ನಿಲ್ಲಲಾಗದವರು ಕುಳಿತೇ ಅರ್ಪಿಸಬಹುದು, ಕಣ್ಣು ಮಂಜಾದವರು ಬಾಯಿಪಾಠವಿರುವ ಅನುಮೋದಿತ ಪಠ್ಯವನ್ನೇ ಬಳಸಬಹುದು ಎಂದು 930ನೇ ನಿಯಮ ಹೇಳುತ್ತದೆ.

ಖಂಡಿತ ಹೋಗಿ. ಮೊದಲು ನಿವಾಸದ ಮೇಲ್ವಿಚಾರಕರಿಗೆ ಫೋನ್ ಮಾಡಿ ಹೊತ್ತು ಕೇಳಿ. ಮಧ್ಯಾಹ್ನದ ಊಟದ ನಂತರ ಬೇಡ, ಮಲಗಿರುತ್ತಾರೆ. ಸಿಹಿ ಒಯ್ಯುವ ಮೊದಲು ಸಕ್ಕರೆ ಕಾಯಿಲೆ ಇದೆಯೇ ವಿಚಾರಿಸಿ. ಐದಾರು ಜನಕ್ಕಿಂತ ಹೆಚ್ಚು ಒಟ್ಟಿಗೆ ನುಗ್ಗಬೇಡಿ. ಸಾವಿರಾರು ಮಕ್ಕಳನ್ನು ಕಂಡವರಿಗೆ ‘ಫಾದರ್, ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಒಡ್ಡಬೇಡಿ. ಹೆಸರು, ಎಸ್ಸೆಸ್ಸೆಲ್ಸಿ ವರ್ಷ, ಯಾವ ಸೆಕ್ಷನ್, ಪಕ್ಕದಲ್ಲಿ ಕೂರುತ್ತಿದ್ದವಳ ಹೆಸರು ಇಷ್ಟನ್ನು ನೀವೇ ಮೊದಲು ಹೇಳಿ. ಆ ವರ್ಷದ ತರಗತಿಯ ಗ್ರೂಪ್ ಫೋಟೋ ದೊಡ್ಡದಾಗಿ ಮುದ್ರಿಸಿ ಒಯ್ದರೆ ಇನ್ನೂ ಒಳ್ಳೆಯದು, ಉಳಿದವರ ಹೆಸರನ್ನು ಅವರೇ ಹೇಳಲು ಶುರು ಮಾಡಬಹುದು.